ನಾಲ್ಕು ತಾಲ್ಲೂಕುಗಳ ಮತಪೆಟ್ಟಿಗೆ: ರಾಮನಗರ ಸೀಮೆಯಲ್ಲಿ ಸಂವಿಧಾನ ನಡೆದುಬಂದ ದಾರಿ

ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳು ರಾಜ್ಯಕ್ಕೆ ನಾಲ್ವರು ಮುಖ್ಯಮಂತ್ರಿಗಳನ್ನೂ ದೇಶಕ್ಕೆ ಒಬ್ಬ ಪ್ರಧಾನಿಯನ್ನೂ ಕೊಟ್ಟಿವೆ. ಕೆಂಗಲ್ ಹನುಮಂತಯ್ಯ, ರಾಮಕೃಷ್ಣ ಹೆಗಡೆ, ಎಚ್.ಡಿ. ದೇವೇಗೌಡ, ಎಚ್.ಡಿ. ಕುಮಾರಸ್ವಾಮಿ ಈ ನಾಲ್ವರೂ ಮುಖ್ಯಮಂತ್ರಿಯಾಗಿದ್ದಾಗ ಇಲ್ಲಿನ ಯಾವುದಾದರೊಂದು ಕ್ಷೇತ್ರದ ಶಾಸಕರಾಗಿದ್ದರು. ಈ ಚರಿತ್ರೆಯನ್ನು ಸಾಮಾನ್ಯವಾಗಿ ನಾಯಕರ ಏಳುಬೀಳಿನ ಕಥೆಯಾಗಿ, ಇಲ್ಲವೇ ಮನೆತನಗಳ ಪೈಪೋಟಿಯಾಗಿ ಹೇಳುವುದು ರೂಢಿ. ಆದರೆ ಯಾರು ಎಲ್ಲಿಂದ ನಿಲ್ಲಬಹುದು, ಎಷ್ಟು ಮತ ಬಂದರೆ ಗೆಲುವು, ಗೆದ್ದವರು ಎಷ್ಟು ದಿನ ಅಧಿಕಾರದಲ್ಲಿರಬಹುದು, ಕ್ಷೇತ್ರದ ಗಡಿ ಎಲ್ಲಿ ಮುಗಿಯುತ್ತದೆ ಎಂಬ ನಿಯಮಗಳೇ ಆ ಏಳುಬೀಳುಗಳಿಗೆ ರೂಪ ಕೊಟ್ಟಿವೆ. ಸಂವಿಧಾನದ ವಿಧಿಗಳು ನೆಲದ ಮೇಲೆ ಹೇಗೆ ಕೆಲಸ ಮಾಡುತ್ತವೆ ಎಂಬುದನ್ನು ಈ ನಾಲ್ಕು ತಾಲ್ಲೂಕುಗಳಷ್ಟು ಸ್ಪಷ್ಟವಾಗಿ ತೋರಿಸುವ ಸೀಮೆ ಕರ್ನಾಟಕದಲ್ಲಿ ಅಪರೂಪ.

ಅಹವಾಲಿನಿಂದ ಅಧಿಕಾರಕ್ಕೆ

ಈ ತಾಲ್ಲೂಕುಗಳು ಮೈಸೂರು ಸಂಸ್ಥಾನದ ಬೆಂಗಳೂರು ಜಿಲ್ಲೆಗೆ ಸೇರಿದ್ದವು. ರಾಮನಗರಕ್ಕೆ ಆಗ ಬ್ರಿಟಿಷ್ ಅಧಿಕಾರಿ ಬ್ಯಾರಿ ಕ್ಲೋಸ್ ನೆನಪಿನ ಕ್ಲೋಸ್‌ಪೇಟೆ ಎಂಬ ಹೆಸರಿತ್ತು. ಕನಕಪುರವನ್ನು ಕಾನಕಾನಹಳ್ಳಿ ಎಂದು ಕರೆಯುತ್ತಿದ್ದರು. 1881ರಲ್ಲಿ ಬ್ರಿಟಿಷರು ಆಡಳಿತವನ್ನು ಒಡೆಯರ ಮನೆತನಕ್ಕೆ ಮರಳಿಸಿದ ವರ್ಷವೇ ದಿವಾನ್ ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆಯನ್ನು ಆರಂಭಿಸಿದರು. ಅದೇ ಅಕ್ಟೋಬರ್ 7ರಂದು, ದಸರಾ ಸಮಯದಲ್ಲಿ, ಮೈಸೂರಿನಲ್ಲಿ ಮೊದಲ ಸಭೆ ಸೇರಿತು. 144 ಮಂದಿ ಸದಸ್ಯರಿದ್ದರು. ತಾಲ್ಲೂಕುಗಳಿಂದ ರೈತ ಪ್ರಮುಖರು, ಜಿಲ್ಲೆಗಳಿಂದ ವರ್ತಕರು ಬಂದರು.

ಆ ಸಭೆಗೆ ಕಾನೂನು ಮಾಡುವ ಅಧಿಕಾರವಿರಲಿಲ್ಲ. ದಿವಾನರು ವರ್ಷದ ಆಡಳಿತದ ವರದಿ ಓದುತ್ತಿದ್ದರು, ಸದಸ್ಯರು ತಮ್ಮ ಕಡೆಯ ಅಹವಾಲು ಹೇಳಿಕೊಳ್ಳುತ್ತಿದ್ದರು. ಸದಸ್ಯರನ್ನು ಚುನಾಯಿಸುವ ಕ್ರಮ ಬಂದದ್ದು 1891ರಲ್ಲಿ. ಮತದ ಹಕ್ಕು ಮಾತ್ರ ಗೊತ್ತುಪಡಿಸಿದಷ್ಟು ಕಂದಾಯ ಕಟ್ಟುವವರು, ಪದವೀಧರರು ಮೊದಲಾದ ಕೆಲವರಿಗಷ್ಟೇ ಸಿಕ್ಕಿತು. 1907ರಲ್ಲಿ ನ್ಯಾಯವಿಧಾಯಕ ಸಭೆ ಸೇರಿಕೊಂಡಿತು. 1923ರ ಸುಧಾರಣೆಗಳು ಪ್ರಜಾಪ್ರತಿನಿಧಿ ಸಭೆಗೆ ಕಾಯ್ದೆಯ ಆಧಾರ ಒದಗಿಸಿದವು. ಇಷ್ಟಾದರೂ ದಿವಾನರು ಉತ್ತರ ಹೇಳಬೇಕಾಗಿದ್ದದ್ದು ಮಹಾರಾಜರಿಗೆ, ಸಭೆಗಲ್ಲ. ಪ್ರತಿನಿಧಿ ಸಭೆ ಇರುವುದು ಬೇರೆ, ಆ ಸಭೆಗೆ ಸರ್ಕಾರ ಹೊಣೆಯಾಗಿರುವುದು ಬೇರೆ ಎಂಬುದನ್ನು ಮೈಸೂರಿನ ಜನ ಈ ಅರ್ಧ ಶತಮಾನದ ಅನುಭವದಿಂದ ಕಂಡುಕೊಂಡರು.

ಆದ್ದರಿಂದಲೇ 1930ರ ದಶಕದ ಹೋರಾಟದ ಕೇಂದ್ರ ಬೇಡಿಕೆ 'ಜವಾಬ್ದಾರಿ ಸರ್ಕಾರ'ವಾಯಿತು. ಚನ್ನಪಟ್ಟಣಕ್ಕೆ ಹೊಂದಿಕೊಂಡ ಮದ್ದೂರು ತಾಲ್ಲೂಕಿನ ಶಿವಪುರದಲ್ಲಿ 1938ರ ಏಪ್ರಿಲ್‌ನಲ್ಲಿ ಧ್ವಜ ಸತ್ಯಾಗ್ರಹ ನಡೆಯಿತು. ದೇಶಕ್ಕೆ ಸ್ವಾತಂತ್ರ್ಯ ಬಂದ ಮೇಲೂ ಸಂಸ್ಥಾನದಲ್ಲಿ ಅಧಿಕಾರ ಜನರ ಕೈಗೆ ಬರಲಿಲ್ಲ. 1947ರ ಸೆಪ್ಟೆಂಬರ್‌ನಲ್ಲಿ 'ಮೈಸೂರು ಚಲೋ' ಚಳವಳಿ ಭುಗಿಲೆದ್ದಿತು. ಅಕ್ಟೋಬರ್‌ನಲ್ಲಿ ಒಪ್ಪಂದವಾಗಿ ಕೆ.ಸಿ. ರೆಡ್ಡಿ ನೇತೃತ್ವದ ಮಂತ್ರಿಮಂಡಲ ಅಧಿಕಾರಕ್ಕೆ ಬಂತು. 1949ರ ನವೆಂಬರ್ 25ರಂದು ಮಹಾರಾಜ ಜಯಚಾಮರಾಜ ಒಡೆಯರ್ ಭಾರತದ ಸಂವಿಧಾನವನ್ನೇ ಮೈಸೂರಿನ ಸಂವಿಧಾನವಾಗಿ ಒಪ್ಪಿಕೊಂಡು ಘೋಷಣೆ ಹೊರಡಿಸಿದರು.

ಸಂವಿಧಾನ ಸಭೆಯಲ್ಲಿ ಕೆಂಗಲ್ ಹನುಮಂತಯ್ಯ

ಭಾರತದ ಸಂವಿಧಾನ ಸಭೆಯಲ್ಲಿ ಮೈಸೂರಿಗೆ ಏಳು ಸ್ಥಾನಗಳಿದ್ದವು. ಅವುಗಳಲ್ಲಿ ಒಂದರಲ್ಲಿ ಕುಳಿತವರು ರಾಮನಗರದ ಬಳಿಯ ಲಕ್ಕಪ್ಪನಹಳ್ಳಿಯಲ್ಲಿ 1908ರಲ್ಲಿ ಹುಟ್ಟಿದ ಕೆಂಗಲ್ ಹನುಮಂತಯ್ಯ. ವಕೀಲರು, ಸ್ವಾತಂತ್ರ್ಯ ಹೋರಾಟದಲ್ಲಿ ಜೈಲು ಕಂಡವರು. 1949ರ ನವೆಂಬರ್‌ನಲ್ಲಿ ಕರಡಿನ ಮೇಲೆ ಕೊನೆಯ ಸುತ್ತಿನ ಚರ್ಚೆ ನಡೆದಾಗ ಅವರು ಆಡಿದ ಮಾತು ಇಂದಿಗೂ ಸಂವಿಧಾನದ ಚರಿತ್ರೆ ಬರೆಯುವವರೆಲ್ಲ ನೆನೆಯುವ ಮಾತು: ನಾವು ಬಯಸಿದ್ದು ವೀಣೆಯ, ಸಿತಾರಿನ ನಾದ; ನಮಗೆ ಸಿಕ್ಕಿದ್ದು ಇಂಗ್ಲಿಷ್ ಬ್ಯಾಂಡಿನ ಸಂಗೀತ ಎಂಬುದು ಅದರ ಸಾರ. ಗಾಂಧೀಜಿ ಕಂಡ ವ್ಯವಸ್ಥೆಯಲ್ಲಿ ಹಳ್ಳಿಯೇ ಬುನಾದಿ. ಸಿದ್ಧವಾದ ಸಂವಿಧಾನದಲ್ಲಿ ಅಧಿಕಾರ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ ಎಂಬುದು ಅವರ ಕೊರಗು.

ಗ್ರಾಮ ಪಂಚಾಯಿತಿಗಳನ್ನು ಕಟ್ಟುವ ಆಶಯ ಸಂವಿಧಾನದಲ್ಲಿ ಇಲ್ಲದಿರಲಿಲ್ಲ. 40ನೇ ವಿಧಿಯಲ್ಲಿ ಅದು ಸೇರಿತು. ಆದರೆ ಆ ವಿಧಿ ರಾಜ್ಯ ನೀತಿಯ ನಿರ್ದೇಶಕ ತತ್ವಗಳಲ್ಲಿ ಒಂದು. ಅದನ್ನು ಪಾಲಿಸಲೇಬೇಕೆಂದು ನ್ಯಾಯಾಲಯದ ಮೂಲಕ ಒತ್ತಾಯಿಸುವಂತಿರಲಿಲ್ಲ. ಹನುಮಂತಯ್ಯನವರು ಎತ್ತಿದ ಕೊರತೆ ತುಂಬಲು ನಾಲ್ಕು ದಶಕ ಬೇಕಾಯಿತು, ಆ ಕೆಲಸದಲ್ಲಿ ಅವರ ಪಕ್ಕದ ತಾಲ್ಲೂಕಿಗೂ ಪಾತ್ರ ಸಿಕ್ಕಿತು.

ಸಂವಿಧಾನ ತಂದ ಅತಿ ದೊಡ್ಡ ಬದಲಾವಣೆ 326ನೇ ವಿಧಿಯದು. ಕಂದಾಯ, ಓದು, ಜಾತಿ, ಲಿಂಗ ಯಾವುದನ್ನೂ ನೋಡದೆ 21 ವರ್ಷ ತುಂಬಿದ ಎಲ್ಲರಿಗೂ ಒಂದೊಂದು ಮತ. 1891ರಲ್ಲಿ ಕಂದಾಯದ ಲೆಕ್ಕದಲ್ಲಿ ಹೊರಗುಳಿದಿದ್ದ ಕೂಲಿಕಾರರ, ಕುಶಲಕರ್ಮಿಗಳ ಮೊಮ್ಮಕ್ಕಳು 1952ರ ಆರಂಭದಲ್ಲಿ ಜಮೀನ್ದಾರರ ಜೊತೆ ಒಂದೇ ಸಾಲಿನಲ್ಲಿ ನಿಂತರು. ಅಕ್ಷರ ಬಾರದವರೇ ಹೆಚ್ಚಿದ್ದ ಕಾಲವಾದ್ದರಿಂದ ಮತ ಹಾಕುವ ಕ್ರಮವನ್ನೂ ಅದಕ್ಕೆ ತಕ್ಕಂತೆ ರೂಪಿಸಲಾಗಿತ್ತು. ಮರೆ ಕಟ್ಟಿದ ಕೋಣೆಯಲ್ಲಿ ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಅವರ ಚಿಹ್ನೆ. ಕಾಂಗ್ರೆಸ್ಸಿಗೆ ಜೋಡೆತ್ತು, ಕಿಸಾನ್ ಮಜ್ದೂರ್ ಪ್ರಜಾ ಪಕ್ಷಕ್ಕೆ ಗುಡಿಸಲು. ಮತದಾರರು ಚೀಟಿಯ ಮೇಲೆ ಏನನ್ನೂ ಬರೆಯದೆ ತಮಗೆ ಬೇಕಾದ ಚಿಹ್ನೆಯ ಪೆಟ್ಟಿಗೆಗೆ ಹಾಕಿದರೆ ಸಾಕಿತ್ತು. ಒಂದೇ ಚೀಟಿಯಲ್ಲಿ ಎಲ್ಲ ಹೆಸರು ಅಚ್ಚಾಗಿ, ಮುದ್ರೆ ಒತ್ತುವ ಪದ್ಧತಿ ಮುಂದಿನ ದಶಕದಲ್ಲಿ ನೆಲೆಗೊಂಡಿತು. ಬೆರಳಿಗೆ ಹಚ್ಚುವ ಶಾಯಿಯನ್ನು 1962ರಿಂದ ದೇಶಕ್ಕೆಲ್ಲ ಒದಗಿಸುತ್ತಿರುವುದು ಮೈಸೂರಿನ ಬಣ್ಣದ ಕಾರ್ಖಾನೆ. ಮತದಾನದ ವಯಸ್ಸು 18ಕ್ಕೆ ಇಳಿದದ್ದು 1989ರಲ್ಲಿ.

ಮೊದಲ ಚುನಾವಣೆಯಲ್ಲಿ ಮೈಸೂರು ವಿಧಾನಸಭೆಯ 99 ಸ್ಥಾನಗಳಲ್ಲಿ 74ನ್ನು ಕಾಂಗ್ರೆಸ್ ಗೆದ್ದಿತು. ರಾಮನಗರದಿಂದ ಗೆದ್ದ ಹನುಮಂತಯ್ಯ 1952ರ ಮಾರ್ಚ್ 30ರಂದು ಮುಖ್ಯಮಂತ್ರಿಯಾದರು. ಕ್ಲೋಸ್‌ಪೇಟೆಗೆ ರಾಮನಗರ ಎಂಬ ಹೆಸರು ಬಂದದ್ದೂ ಅವರಿಂದಲೇ. ಬೆಂಗಳೂರಿನ ವಿಧಾನಸೌಧವನ್ನು ಇಂದಿನ ಭವ್ಯ ರೂಪದಲ್ಲಿ ಕಟ್ಟಿಸಿದವರೂ ಅವರೇ. ಆದರೆ ಆ ಕಟ್ಟಡ ಮುಗಿಯುವ ವರ್ಷವೇ, 1956ರ ಆಗಸ್ಟ್‌ನಲ್ಲಿ, ತಮ್ಮದೇ ಶಾಸಕಾಂಗ ಪಕ್ಷದ ವಿಶ್ವಾಸ ಕಳೆದುಕೊಂಡು ಅಧಿಕಾರ ಬಿಡಬೇಕಾಯಿತು. ಸಂಸದೀಯ ಪದ್ಧತಿಯಲ್ಲಿ ಮುಖ್ಯಮಂತ್ರಿಯನ್ನು ಜನ ನೇರವಾಗಿ ಆರಿಸುವುದಿಲ್ಲ. ಶಾಸಕರ ಬೆಂಬಲ ಇರುವವರೆಗೆ ಮಾತ್ರ ಆ ಹುದ್ದೆ. ಜನಪ್ರಿಯತೆ ಎಷ್ಟೇ ಇದ್ದರೂ ಈ ನಿಯಮದಿಂದ ವಿನಾಯಿತಿ ಇಲ್ಲ. ಹನುಮಂತಯ್ಯ ಮುಂದೆ ಲೋಕಸಭೆಗೆ ಹೋಗಿ, 1967ರಲ್ಲಿ ಮೊರಾರ್ಜಿ ದೇಸಾಯಿಯವರ ನಂತರ ದೇಶದ ಮೊದಲ ಆಡಳಿತ ಸುಧಾರಣಾ ಆಯೋಗದ ಅಧ್ಯಕ್ಷರಾದರು.

ಆರು ತಿಂಗಳ ಅವಕಾಶ

ಶಾಸಕರಲ್ಲದವರೂ ಮಂತ್ರಿಯಾಗಬಹುದು, ಆದರೆ ಆರು ತಿಂಗಳೊಳಗೆ ಶಾಸಕಾಂಗದ ಸದಸ್ಯತ್ವ ಪಡೆಯದಿದ್ದರೆ ಹುದ್ದೆ ಹೋಗುತ್ತದೆ. 164ನೇ ವಿಧಿಯ 4ನೇ ಉಪವಿಧಿ ಹೇಳುವುದು ಇದನ್ನೇ. 1983ರ ಜನವರಿಯ ಚುನಾವಣೆಯಲ್ಲಿ ಕಾಂಗ್ರೆಸ್ ರಾಜ್ಯದಲ್ಲಿ ಮೊದಲ ಸಲ ಅಧಿಕಾರ ಕಳೆದುಕೊಂಡಿತು. 224 ಸದಸ್ಯರ ಸದನದಲ್ಲಿ 95 ಸ್ಥಾನ ಪಡೆದ ಜನತಾ ಪಕ್ಷ ಹೊರಗಿನ ಬೆಂಬಲ ಪಡೆದು ಸರ್ಕಾರ ರಚಿಸಿತು. ಮುಖ್ಯಮಂತ್ರಿಯಾದ ರಾಮಕೃಷ್ಣ ಹೆಗಡೆ ಆಗ ವಿಧಾನಸಭೆಯ ಸದಸ್ಯರಾಗಿರಲಿಲ್ಲ. ಕನಕಪುರದಿಂದ ಆಗಷ್ಟೇ ಗೆದ್ದಿದ್ದ ಪಿ.ಜಿ.ಆರ್. ಸಿಂಧ್ಯ ರಾಜೀನಾಮೆ ಕೊಟ್ಟು ಸ್ಥಾನ ತೆರವು ಮಾಡಿದರು. ಉತ್ತರ ಕನ್ನಡದ ಹೆಗಡೆಯವರನ್ನು ಕನಕಪುರದ ಮತದಾರರು ಉಪಚುನಾವಣೆಯಲ್ಲಿ ಗೆಲ್ಲಿಸಿದರು.

ಆ ಸರ್ಕಾರ 1983ರಲ್ಲೇ ಜಿಲ್ಲಾ ಪರಿಷತ್ತು, ತಾಲ್ಲೂಕು ಪಂಚಾಯಿತಿ ಸಮಿತಿ, ಮಂಡಲ ಪಂಚಾಯಿತಿ ಮತ್ತು ನ್ಯಾಯ ಪಂಚಾಯಿತಿಗಳ ಕಾಯ್ದೆಯನ್ನು ರೂಪಿಸಿತು. ಪಂಚಾಯತ್ ರಾಜ್ ಸಚಿವ ಅಬ್ದುಲ್ ನಜೀರ್ ಸಾಬ್ ಅದರ ಹಿಂದಿನ ಚೇತನ. ರಾಷ್ಟ್ರಪತಿಗಳ ಅಂಕಿತ ಸಿಕ್ಕಿ, 1987ರ ಜನವರಿಯಲ್ಲಿ ಚುನಾವಣೆ ನಡೆಯಿತು. ಮಹಿಳೆಯರಿಗೆ ಶೇ 25ರಷ್ಟು ಸ್ಥಾನ ಮೀಸಲಾಯಿತು. ಜಿಲ್ಲೆಯ ಹಣ, ಸಿಬ್ಬಂದಿ, ಯೋಜನೆಗಳು ಚುನಾಯಿತರ ಕೈಗೆ ಬಂದವು. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 73ನೇ ತಿದ್ದುಪಡಿ ಪಂಚಾಯಿತಿಗಳಿಗೆ ದೇಶದಾದ್ಯಂತ ಸಂವಿಧಾನದ ಸ್ಥಾನ ಕೊಟ್ಟಾಗ ಕರ್ನಾಟಕದ ಅನುಭವ ಕಣ್ಣಮುಂದೆ ಇತ್ತು. ಸಂವಿಧಾನ ಸಭೆಯಲ್ಲಿ ರಾಮನಗರದ ಸದಸ್ಯರು ತೋರಿಸಿದ ಕೊರತೆಯನ್ನು ತುಂಬುವ ಹೆಜ್ಜೆಯನ್ನು ಕನಕಪುರದ ಶಾಸಕರ ಸರ್ಕಾರ ಇಟ್ಟಿತು.

1984ರ ಕೊನೆಯ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 28 ಸ್ಥಾನಗಳಲ್ಲಿ 24 ಕಾಂಗ್ರೆಸ್ ಪಾಲಾದವು. ವಿಧಾನಸಭೆಯಲ್ಲಿ ಸೋಲದಿದ್ದರೂ ಹೆಗಡೆ ಹೊಸ ಜನಾದೇಶ ಕೋರಿದರು. 1985ರ ಮಾರ್ಚ್‌ನಲ್ಲಿ ಜನತಾ ಪಕ್ಷಕ್ಕೆ 139 ಸ್ಥಾನ ಬಂದವು. ಮೂರೇ ತಿಂಗಳ ಅಂತರದಲ್ಲಿ ಅದೇ ಮತದಾರರು ದೆಹಲಿಗೊಂದು, ಬೆಂಗಳೂರಿಗೊಂದು ತೀರ್ಪು ಕೊಟ್ಟಿದ್ದರು. ಕೇಂದ್ರ ಮತ್ತು ರಾಜ್ಯಕ್ಕೆ ಪ್ರತ್ಯೇಕವಾಗಿ ಮತ ಹಾಕುವ ಅವಕಾಶದ ಬೆಲೆ ಇಲ್ಲಿ ಕಾಣುತ್ತದೆ. ಹೆಗಡೆ ಆ ಬಾರಿ ಬಸವನಗುಡಿಯಿಂದ ನಿಂತರು. ಕನಕಪುರ ಮತ್ತೆ ಸಿಂಧ್ಯ ಅವರ ಕೈಗೆ ಬಂತು.

ರಾಮನಗರದಿಂದ ದೆಹಲಿಗೆ

1994ರ ಕೊನೆಯಲ್ಲಿ ರಾಮನಗರದಿಂದ ಗೆದ್ದ ಎಚ್.ಡಿ. ದೇವೇಗೌಡ ಡಿಸೆಂಬರ್ 11ರಂದು ಮುಖ್ಯಮಂತ್ರಿಯಾದರು. ಒಂದೂವರೆ ವರ್ಷದಲ್ಲಿ ಲೋಕಸಭೆಯಲ್ಲಿ ಯಾವ ಪಕ್ಷಕ್ಕೂ ಬಹುಮತ ಬರದೆ ಸಂಯುಕ್ತ ರಂಗ ರೂಪುಗೊಂಡಿತು. 1996ರ ಜೂನ್ 1ರಂದು ಅವರು ಪ್ರಧಾನಿಯಾಗಿ ಪ್ರಮಾಣವಚನ ಸ್ವೀಕರಿಸಿದಾಗ ಸಂಸತ್ತಿನ ಎರಡೂ ಸದನಗಳಲ್ಲಿ ಸದಸ್ಯರಾಗಿರಲಿಲ್ಲ. ರಾಮನಗರದ ಶಾಸಕರಾಗಿದ್ದರು ಅಷ್ಟೆ. ರಾಜ್ಯದ ಮಂತ್ರಿಗಳಿಗೆ ಇರುವಂತೆಯೇ ಕೇಂದ್ರದ ಮಂತ್ರಿಗಳಿಗೂ 75ನೇ ವಿಧಿ ಆರು ತಿಂಗಳ ಅವಕಾಶ ಕೊಡುತ್ತದೆ. ಅಷ್ಟರೊಳಗೆ ಕರ್ನಾಟಕದ ಶಾಸಕರು ಅವರನ್ನು ರಾಜ್ಯಸಭೆಗೆ ಆರಿಸಿ ಕಳಿಸಿದರು.

ಆ ಸರ್ಕಾರದ ಕಾಲದ ಎರಡು ಕೆಲಸಗಳು ಚುನಾವಣಾ ವ್ಯವಸ್ಥೆಗೆ ನೇರವಾಗಿ ಸಂಬಂಧಿಸಿದವು. ಲೋಕಸಭೆ ಮತ್ತು ವಿಧಾನಸಭೆಗಳಲ್ಲಿ ಮೂರನೇ ಒಂದರಷ್ಟು ಸ್ಥಾನಗಳನ್ನು ಮಹಿಳೆಯರಿಗೆ ಮೀಸಲಿಡುವ 81ನೇ ತಿದ್ದುಪಡಿ ಮಸೂದೆ 1996ರ ಸೆಪ್ಟೆಂಬರ್ 12ರಂದು ಮಂಡನೆಯಾಯಿತು. ಆಗ ಅಂಗೀಕಾರವಾಗದ ಆ ಆಶಯ 2023ರ 106ನೇ ತಿದ್ದುಪಡಿಯಾಗಿ ಸಂವಿಧಾನ ಸೇರಿತು. ಎರಡನೆಯದು ಜನಪ್ರಾತಿನಿಧ್ಯ ಕಾಯ್ದೆಯ ತಿದ್ದುಪಡಿ. ಒಬ್ಬರು ಎರಡಕ್ಕಿಂತ ಹೆಚ್ಚು ಕ್ಷೇತ್ರಗಳಲ್ಲಿ ಸ್ಪರ್ಧಿಸುವಂತಿಲ್ಲ, ತೆರವಾದ ಸ್ಥಾನಕ್ಕೆ ಸಾಮಾನ್ಯವಾಗಿ ಆರು ತಿಂಗಳೊಳಗೆ ಉಪಚುನಾವಣೆ ನಡೆಯಬೇಕು ಎಂಬ ನಿಯಮಗಳು 1996ರ ಆಗಸ್ಟ್‌ನಲ್ಲಿ ಜಾರಿಗೆ ಬಂದವು. 1997ರ ಏಪ್ರಿಲ್ 11ರಂದು ಕಾಂಗ್ರೆಸ್ ಬೆಂಬಲ ಹಿಂತೆಗೆದುಕೊಂಡಿದ್ದ ಕಾರಣ ವಿಶ್ವಾಸಮತ 158–292ರಿಂದ ಬಿದ್ದು ಆ ಸರ್ಕಾರ ಹೋಯಿತು.

ಸರಳ ಬಹುಮತದ ಲೆಕ್ಕ

ವಿಧಾನಸಭೆ, ಲೋಕಸಭೆಗಳ ಚುನಾವಣೆಯಲ್ಲಿ ಉಳಿದ ಎಲ್ಲರಿಗಿಂತ ಒಂದು ಮತ ಹೆಚ್ಚು ಬಂದವರು ಗೆದ್ದಂತೆ. ಚಲಾಯಿತ ಮತಗಳಲ್ಲಿ ಅರ್ಧ ದಾಟಬೇಕೆಂಬ ನಿಯಮವಿಲ್ಲ. 2018ರಲ್ಲಿ ಚನ್ನಪಟ್ಟಣದಲ್ಲಿ ಜೆಡಿಎಸ್‌ನ ಕುಮಾರಸ್ವಾಮಿ ಅವರಿಗೆ 87,995, ಬಿಜೆಪಿಯ ಸಿ.ಪಿ. ಯೋಗೇಶ್ವರ್ ಅವರಿಗೆ 66,465, ಕಾಂಗ್ರೆಸ್ಸಿನ ಎಚ್.ಎಂ. ರೇವಣ್ಣ ಅವರಿಗೆ 30,208 ಮತ ಬಂದವು. ಸೋತ ಇಬ್ಬರ ಮತ ಸೇರಿಸಿದರೆ ಗೆದ್ದವರದಕ್ಕಿಂತ ಹೆಚ್ಚು. ತ್ರಿಕೋನ ಸ್ಪರ್ಧೆಯಲ್ಲಿ ಇದು ಸಹಜ, ಇದರಿಂದಲೇ ಪಕ್ಷಗಳು ಮೈತ್ರಿಗೆ ಹಂಬಲಿಸುತ್ತವೆ.

ಮತಗಳು ಕೂಡಿಸಿದಷ್ಟಕ್ಕೆ ಕೂಡುವುದಿಲ್ಲ ಎಂಬುದನ್ನೂ ಚನ್ನಪಟ್ಟಣವೇ ತೋರಿಸಿತು. 2023ರಲ್ಲಿ ಅಲ್ಲಿ ಜೆಡಿಎಸ್‌ಗೆ 96,592, ಬಿಜೆಪಿಗೆ 80,677, ಕಾಂಗ್ರೆಸ್ಸಿಗೆ ಕೇವಲ 15,374 ಮತ ಬಿದ್ದಿದ್ದವು. ಅದೇ ವರ್ಷ ಜೆಡಿಎಸ್ ಮತ್ತು ಬಿಜೆಪಿ ಒಂದಾದವು. ಕುಮಾರಸ್ವಾಮಿ ಮಂಡ್ಯದ ಸಂಸದರಾಗಿ ಸ್ಥಾನ ತೆರವಾದಾಗ, 2024ರ ನವೆಂಬರ್ 13ರ ಉಪಚುನಾವಣೆಗೆ ನಿಖಿಲ್ ಕುಮಾರಸ್ವಾಮಿ ಮೈತ್ರಿಯ ಅಭ್ಯರ್ಥಿಯಾದರು. ಬಿಜೆಪಿ ಬಿಟ್ಟು ಕಾಂಗ್ರೆಸ್ ಸೇರಿದ ಯೋಗೇಶ್ವರ್ 25,413 ಮತಗಳ ಅಂತರದಿಂದ ಗೆದ್ದರು. ಪಕ್ಷಗಳ ಒಪ್ಪಂದ ಮತದಾರರನ್ನು ಕಟ್ಟಿಹಾಕಲಿಲ್ಲ; ಇದೇ ಯೋಗೇಶ್ವರ್ ಅವರನ್ನು 1999ರಲ್ಲಿ ಪಕ್ಷೇತರರಾಗಿಯೂ ಗೆಲ್ಲಿಸಿದ ಕ್ಷೇತ್ರ ಅದು.

ಬಹುಮತ ಯಾರಿಗೂ ಸಿಗದ ಸದನದಲ್ಲಿ ಸಣ್ಣ ಪಕ್ಷದ ತೂಕ ಹೆಚ್ಚುತ್ತದೆ. 2006ರಲ್ಲಿ ರಾಮನಗರದ ಶಾಸಕರಾಗಿದ್ದ ಕುಮಾರಸ್ವಾಮಿ ಬಿಜೆಪಿ ಜೊತೆ ಸೇರಿ ಮುಖ್ಯಮಂತ್ರಿಯಾದರು. 2018ರಲ್ಲಿ ಕೇವಲ 37 ಸ್ಥಾನ ಗೆದ್ದ ಪಕ್ಷದ ನಾಯಕರಾಗಿ, ಕಾಂಗ್ರೆಸ್ ಬೆಂಬಲದಿಂದ ಮತ್ತೆ ಆ ಹುದ್ದೆಗೆ ಬಂದರು. 2019ರ ಜುಲೈ 23ರಂದು ವಿಶ್ವಾಸಮತ 99–105ರಿಂದ ಬಿದ್ದು ಸರ್ಕಾರ ಪತನವಾಯಿತು. ಬಹುಮತದ ಪರೀಕ್ಷೆ ರಾಜಭವನದಲ್ಲಲ್ಲ, ಸದನದಲ್ಲೇ ನಡೆಯಬೇಕು ಎಂದು ಸುಪ್ರೀಂ ಕೋರ್ಟ್ 1994ರಲ್ಲಿ ಎಸ್.ಆರ್. ಬೊಮ್ಮಾಯಿ ಪ್ರಕರಣದಲ್ಲಿ ಹೇಳಿದ ಮಾತು ಇಲ್ಲೂ ಪಾಲನೆಯಾಯಿತು.

ಉಪಚುನಾವಣೆಗಳ ಸೀಮೆ

ಚನ್ನಪಟ್ಟಣದ ಮತದಾರರು 2008ರಿಂದ 2024ರವರೆಗೆ ಶಾಸಕರ ಆಯ್ಕೆಗಾಗಿ ಏಳು ಬಾರಿ ಮತಗಟ್ಟೆಗೆ ಹೋಗಿದ್ದಾರೆ. ಸಾರ್ವತ್ರಿಕ ಚುನಾವಣೆಗಳು 2008, 2013, 2018 ಮತ್ತು 2023ರಲ್ಲಿ. ಉಪಚುನಾವಣೆಗಳು 2009, 2011 ಮತ್ತು 2024ರಲ್ಲಿ. 1985ರಲ್ಲಿ ಬಂದ ಪಕ್ಷಾಂತರ ನಿಷೇಧ ಕಾಯ್ದೆ ಗೆದ್ದ ಮೇಲೆ ಪಕ್ಷ ಬಿಡುವವರನ್ನು ಅನರ್ಹಗೊಳಿಸುತ್ತದೆ. ಆದರೆ ಸ್ಥಾನಕ್ಕೆ ರಾಜೀನಾಮೆ ಕೊಟ್ಟು ಬೇರೆ ಪಕ್ಷದಿಂದ ಮತ್ತೆ ಜನರ ಮುಂದೆ ಹೋಗುವ ದಾರಿ ಉಳಿದುಕೊಂಡಿತು. 2008ರ ನಂತರ ರಾಜ್ಯದ ಹಲವೆಡೆ ಈ ದಾರಿ ಬಳಕೆಯಾಯಿತು. 2008ರಲ್ಲಿ ಕಾಂಗ್ರೆಸ್ಸಿನಿಂದ ಗೆದ್ದ ಯೋಗೇಶ್ವರ್ ರಾಜೀನಾಮೆ ಕೊಟ್ಟು 2009ರಲ್ಲಿ ಬಿಜೆಪಿಯಿಂದ ನಿಂತಾಗ ಸೋತರು, 2011ರಲ್ಲಿ ಗೆದ್ದರು.

ಉಪಚುನಾವಣೆಗೆ ಇನ್ನೊಂದು ಕಾರಣ ಎರಡು ಕಡೆ ಸ್ಪರ್ಧೆ. ಎರಡರಲ್ಲೂ ಗೆದ್ದವರು ಒಂದನ್ನು ಬಿಡಲೇಬೇಕು. 2018ರಲ್ಲಿ ರಾಮನಗರ, ಚನ್ನಪಟ್ಟಣ ಎರಡನ್ನೂ ಗೆದ್ದ ಕುಮಾರಸ್ವಾಮಿ ಚನ್ನಪಟ್ಟಣ ಉಳಿಸಿಕೊಂಡರು. ರಾಮನಗರದಲ್ಲಿ ನವೆಂಬರ್ 3ರಂದು ಉಪಚುನಾವಣೆ. ಮತದಾನಕ್ಕೆ ಎರಡು ದಿನ ಇರುವಾಗ ಬಿಜೆಪಿ ಅಭ್ಯರ್ಥಿ ಕಣದಿಂದ ಹಿಂದೆ ಸರಿದು ಕಾಂಗ್ರೆಸ್ ಸೇರುವುದಾಗಿ ಹೇಳಿದರು. ನಾಮಪತ್ರ ಹಿಂಪಡೆಯುವ ಗಡುವು ಮುಗಿದಿದ್ದರಿಂದ ಅವರ ಹೆಸರೂ ಕಮಲದ ಚಿಹ್ನೆಯೂ ಮತಯಂತ್ರದಲ್ಲಿ ಹಾಗೇ ಉಳಿದವು. ಕಣದಲ್ಲಿ ಇಲ್ಲದ ಆ ಅಭ್ಯರ್ಥಿಗೆ 15,906 ಮತ ಬಿದ್ದವು. ಜೆಡಿಎಸ್‌ನ ಅನಿತಾ ಕುಮಾರಸ್ವಾಮಿ 1,09,137 ಮತಗಳ ಅಂತರದಿಂದ ಗೆದ್ದರು. ಕಾಯ್ದೆ ದಿನಾಂಕಗಳನ್ನು ಕಟ್ಟುನಿಟ್ಟಾಗಿ ಗೊತ್ತುಪಡಿಸುವುದು ಮತದಾರರ ಆಯ್ಕೆಯನ್ನು ಕೊನೆಯ ಗಳಿಗೆಯಲ್ಲಿ ಕಿತ್ತುಕೊಳ್ಳಬಾರದೆಂದು. ಅಭ್ಯರ್ಥಿಯೇ ಕೈಬಿಟ್ಟ ಮೇಲೂ ಆ ಹಕ್ಕನ್ನು ಸಾವಿರಾರು ಜನ ಚಲಾಯಿಸಿದರು.

ಶಾಸಕರು ಮತದಾರರಾಗುವ ಚುನಾವಣೆಗಳ ರೀತಿ ಬೇರೆ. ರಾಜ್ಯಸಭೆಗೆ ಅವರು 1, 2, 3 ಎಂದು ಪ್ರಾಶಸ್ತ್ಯ ಮತ ಹಾಕುತ್ತಾರೆ. ಸದನದ ಅಲ್ಪಸಂಖ್ಯಾತ ಪಕ್ಷಗಳಿಗೂ ಸ್ಥಾನ ಸಿಗಲಿ ಎಂಬುದು ಆ ಪದ್ಧತಿಯ ಉದ್ದೇಶ. 2003ರಿಂದ ಅಲ್ಲಿ ಗುಪ್ತ ಮತದಾನವಿಲ್ಲ. ಮತಚೀಟಿಯನ್ನು ಪಕ್ಷದ ಪ್ರತಿನಿಧಿಗೆ ತೋರಿಸಬೇಕು. 2016ರಲ್ಲಿ ಮಾಗಡಿಯ ಶಾಸಕ ಎಚ್.ಸಿ. ಬಾಲಕೃಷ್ಣ ಸೇರಿ ಜೆಡಿಎಸ್‌ನ ಎಂಟು ಶಾಸಕರು ಬಹಿರಂಗವಾಗಿಯೇ ಕಾಂಗ್ರೆಸ್ ಅಭ್ಯರ್ಥಿಗೆ ಮತ ಹಾಕಿದರು. ಅದರ ತೀರ್ಪು ಮಾಗಡಿಯಲ್ಲಿ ಎರಡು ಕಂತಿನಲ್ಲಿ ಬಂತು: 2018ರಲ್ಲಿ ಕಾಂಗ್ರೆಸ್ಸಿನಿಂದ ನಿಂತ ಬಾಲಕೃಷ್ಣ ಜೆಡಿಎಸ್‌ನ ಎ. ಮಂಜುನಾಥ್ ಎದುರು ಸೋತರು, 2023ರಲ್ಲಿ ಗೆದ್ದರು.

ಗಡಿ ಬದಲಾದರೆ

ಕ್ಷೇತ್ರದ ಗಡಿ ಎಳೆಯುವ ಕೈಗೂ ದೊಡ್ಡ ಬಲವಿದೆ. ಕನಕಪುರ ಹಲವು ದಶಕ ಲೋಕಸಭಾ ಕ್ಷೇತ್ರವಾಗಿತ್ತು. 2002ರ ಉಪಚುನಾವಣೆಯಲ್ಲಿ ದೇವೇಗೌಡರು ಅಲ್ಲಿ ಡಿ.ಕೆ. ಶಿವಕುಮಾರ್ ಅವರನ್ನು ಸೋಲಿಸಿದರು. 2004ರಲ್ಲಿ ಕಾಂಗ್ರೆಸ್ಸಿನ ತೇಜಸ್ವಿನಿ ಅವರೆದುರು ಸೋತರು, ಹಾಸನದಲ್ಲೂ ನಿಂತು ಗೆದ್ದಿದ್ದರಿಂದ ಸಂಸತ್ತಿನಲ್ಲಿ ಉಳಿದರು. 2001ರ ಜನಗಣತಿ ಆಧರಿಸಿದ ಪುನರ್ವಿಂಗಡಣೆ ಕನಕಪುರ ಲೋಕಸಭಾ ಕ್ಷೇತ್ರವನ್ನೂ ಸಾತನೂರು ವಿಧಾನಸಭಾ ಕ್ಷೇತ್ರವನ್ನೂ ಅಳಿಸಿತು. ಹೊಸ ಗಡಿಗಳಂತೆ ಮೊದಲು ಚುನಾವಣೆ ನಡೆಸಿದ ರಾಜ್ಯ ಕರ್ನಾಟಕ, 2008ರಲ್ಲಿ. ಸಾತನೂರಿನಿಂದ 1989ರಿಂದಲೂ ಗೆಲ್ಲುತ್ತಿದ್ದ ಶಿವಕುಮಾರ್ ಕನಕಪುರಕ್ಕೆ ಬಂದರು. 2023ರಲ್ಲಿ ಅಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಅಂತರದಿಂದ ಗೆದ್ದು ಉಪಮುಖ್ಯಮಂತ್ರಿಯಾದರು.

ನಾಲ್ಕೂ ತಾಲ್ಲೂಕುಗಳು ಈಗ ಬೆಂಗಳೂರು ಗ್ರಾಮಾಂತರ ಲೋಕಸಭಾ ಕ್ಷೇತ್ರದಲ್ಲಿವೆ. ಕುಣಿಗಲ್, ಆನೇಕಲ್, ಬೆಂಗಳೂರು ದಕ್ಷಿಣ, ರಾಜರಾಜೇಶ್ವರಿನಗರ ಅದರ ಉಳಿದ ನಾಲ್ಕು ವಿಧಾನಸಭಾ ಕ್ಷೇತ್ರಗಳು. ಹೆಸರು ಗ್ರಾಮಾಂತರವಾದರೂ ಬೆಂಗಳೂರಿನ ಅಂಚಿನ ಮತದಾರರ ಸಂಖ್ಯೆಯೇ ದೊಡ್ಡದು. 2019ರಲ್ಲಿ ರಾಜ್ಯದಲ್ಲಿ ಕಾಂಗ್ರೆಸ್ ಗೆದ್ದ ಏಕೈಕ ಲೋಕಸಭಾ ಸ್ಥಾನ ಇದು. 2024ರಲ್ಲಿ ಹೃದ್ರೋಗ ತಜ್ಞ ಸಿ.ಎನ್. ಮಂಜುನಾಥ್ ಬಿಜೆಪಿಯಿಂದ 2,69,647 ಮತಗಳ ಅಂತರದಲ್ಲಿ ಕಾಂಗ್ರೆಸ್ಸಿನ ಡಿ.ಕೆ. ಸುರೇಶ್ ಅವರನ್ನು ಸೋಲಿಸಿದರು. ಆಡಳಿತದ ಗಡಿಗಳು ಬೇರೆಯೇ ದಾರಿಯಲ್ಲಿ ಬದಲಾದವು: 1986ರಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆ, 2007ರ ಆಗಸ್ಟ್‌ನಲ್ಲಿ ಪ್ರತ್ಯೇಕ ರಾಮನಗರ ಜಿಲ್ಲೆ, 2025ರಲ್ಲಿ ಅದಕ್ಕೆ ಬೆಂಗಳೂರು ದಕ್ಷಿಣ ಎಂಬ ಹೆಸರು. ಜಿಲ್ಲೆಯ ಹೆಸರನ್ನು ರಾಜ್ಯ ಸರ್ಕಾರ ಬದಲಿಸಬಹುದು. ಚುನಾವಣಾ ಕ್ಷೇತ್ರಗಳ ಗಡಿ ಪುನರ್ವಿಂಗಡಣೆಯಿಂದ ಮಾತ್ರ ಬದಲಾಗುತ್ತದೆ.

ಉಳಿದಿರುವ ಬಾಕಿ

ಶಾಸಕರ ಸ್ಥಾನ ಖಾಲಿಯಾದರೆ ಆರು ತಿಂಗಳೊಳಗೆ ತುಂಬುವ ನಿಯಮ ಈ ತಾಲ್ಲೂಕುಗಳಲ್ಲಿ ಮತ್ತೆ ಮತ್ತೆ ಪಾಲನೆಯಾಗಿದೆ. ಕೆಳಹಂತಕ್ಕೆ ಬಂದರೆ ಚಿತ್ರ ಬೇರೆ. ಅವಧಿ ಮುಗಿಯುವುದರೊಳಗೆ ಪಂಚಾಯಿತಿಗಳಿಗೆ ಚುನಾವಣೆ ನಡೆಯಬೇಕೆಂದು ಸಂವಿಧಾನದ 243–ಇ ವಿಧಿ ಹೇಳುತ್ತದೆ. ಆದರೂ ಕರ್ನಾಟಕದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ, ಕ್ಷೇತ್ರ ವಿಂಗಡಣೆ ಮತ್ತು ಮೀಸಲಾತಿ ನಿಗದಿಯ ಕಾರಣದಿಂದ ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ. ಚುನಾಯಿತರ ಜಾಗದಲ್ಲಿ ಆಡಳಿತಾಧಿಕಾರಿಗಳು ಬಂದರು. ಸಂವಿಧಾನ ಸಭೆಯಲ್ಲಿ ಹಳ್ಳಿಯ ಪರವಾಗಿ ದನಿ ಎತ್ತಿದ ಸದಸ್ಯರ ಊರು ರಾಮನಗರ, ಜಿಲ್ಲಾ ಪರಿಷತ್ತಿನ ಕಾಯ್ದೆ ಮಾಡಿದ ಮುಖ್ಯಮಂತ್ರಿಯನ್ನು ಗೆಲ್ಲಿಸಿದ ಊರು ಕನಕಪುರ. ವಿಧಾನಸೌಧಕ್ಕೆ ಯಾರನ್ನು ಕಳಿಸಬೇಕೆಂದು ಇಷ್ಟೊಂದು ಆಸಕ್ತಿಯಿಂದ ಮತ ಹಾಕುವ ಈ ಸೀಮೆಯ ಮತದಾರರು, ತಮ್ಮ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಚುನಾವಣೆಯನ್ನೂ ಅಷ್ಟೇ ಗಟ್ಟಿಯಾಗಿ, ಗಡುವಿನೊಳಗೆ ಕೇಳಬೇಕು. ಅದು ಯಾರ ಕೃಪೆಯೂ ಅಲ್ಲ, ಸಂವಿಧಾನ ಕೊಟ್ಟ ಹಕ್ಕು.